ಹೊಸ ಲ್ಯಾಪ್‌ಟಾಪ್: ಮೋಟಾರು ಬದಲಿಸುವ ಮುನ್ನ ಬಾವಿ ನೋಡಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿದ ರಾಯಚರ್ಲು ಸೀಮೆಯಲ್ಲಿ ನೀರೆಂದರೆ ಲೆಕ್ಕದ ಮಾತು. ವರ್ಷವಿಡೀ ಹರಿಯುವ ಹೊಳೆ ಇಲ್ಲಿಲ್ಲ. ಮಳೆ ಕೈಕೊಡುವುದು ಹೊಸತಲ್ಲ. ತನ್ನ ಕೊಳವೆಬಾವಿಯಲ್ಲಿ ಎಷ್ಟು ಇಂಚು ನೀರಿದೆಯೆಂಬುದು ಇಲ್ಲಿನ ರೈತನಿಗೆ ಮಕ್ಕಳ ವಯಸ್ಸಿನಷ್ಟೇ ಚೆನ್ನಾಗಿ ಗೊತ್ತು. ಹೊಲಕ್ಕೆ ಬೀಳುವ ನೀರು ಕಡಿಮೆಯಾಯಿತೆಂದು ಆತ ಪೇಟೆಗೆ ಓಡಿ ದೊಡ್ಡ ಮೋಟಾರು ತರುವುದಿಲ್ಲ. ಪೈಪು ಎಲ್ಲಾದರೂ ಸೋರುತ್ತಿದೆಯೇ, ವೋಲ್ಟೇಜು ಸರಿಯಾಗಿ ಬರುತ್ತಿದೆಯೇ, ಬಾವಿಯಲ್ಲೇ ನೀರು ಇಳಿದಿದೆಯೇ ಎಂದು ಒಂದೊಂದಾಗಿ ನೋಡುತ್ತಾನೆ. ಎರಡಿಂಚು ನೀರಿನ ಬಾವಿಗೆ ಐದು ಎಚ್.ಪಿ. ತೆಗೆದು ಏಳೂವರೆ ಎಚ್.ಪಿ. ಮೋಟಾರು ಇಳಿಸಿದರೂ ಬರುವುದು ಅದೇ ಎರಡಿಂಚು. ಸಾಲದ್ದಕ್ಕೆ, ನೀರಿಲ್ಲದೆ ಓಡಿ ಮೋಟಾರು ಸುಟ್ಟುಹೋಗುವ ಭಯ ಬೇರೆ.

ಅದೇ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳ ಲ್ಯಾಪ್‌ಟಾಪ್ ನಿಧಾನವಾದಾಗ ಮಾತ್ರ ಈ ವಿವೇಕ ನೆನಪಾಗುವುದಿಲ್ಲ. ಗುಂಡಿ ಒತ್ತಿ ಕಾಫಿ ಕುಡಿದು ಬಂದರೂ ತೆರೆ ಮೂಡಿರುವುದಿಲ್ಲ. ಅಷ್ಟರಲ್ಲಿ ಹೊಸ ಮಾದರಿಯೊಂದು ಬಂದಿದೆಯೆಂಬ ಜಾಹೀರಾತು ಕಣ್ಣಿಗೆ ಬೀಳುತ್ತದೆ. ‘ಹಳೆಯದು ಮುಗಿಯಿತು, ಹೊಸದು ತಗೊಳ್ಳಿ’ ಎಂದು ಪರಿಚಯದವರೆಲ್ಲ ಹೇಳುತ್ತಾರೆ. ಅದಕ್ಕೆ ಹೋಗುವ ಹಣ ಒಂದು ಬೆಳೆಯ ಉಳಿತಾಯಕ್ಕೆ ಸಮನಾಗಿರಬಹುದು. ಆದರೆ ಯಂತ್ರದಲ್ಲಿ ತಡೆ ಇರುವುದು ಎಲ್ಲಿ ಎಂದು ಯಾರೂ ಕೇಳಿರುವುದಿಲ್ಲ.

ಹೊಸದು ಬರುತ್ತದೆಂಬ ಸುದ್ದಿಯೊಂದೇ ಕೊಳ್ಳುವವರ ಮನಸ್ಸನ್ನು ಎಷ್ಟು ಅಲುಗಾಡಿಸಬಲ್ಲದು ಎಂಬುದಕ್ಕೆ ಕೈಯಲ್ಲಿ ಹೊತ್ತೊಯ್ಯುವ ಗಣಕದ ಚರಿತ್ರೆಯ ಮೊದಲ ಪುಟದಲ್ಲೇ ಒಂದು ಕಥೆಯಿದೆ. ತಿರುವಣ್ಣಾಮಲೈಯಲ್ಲಿ ಬಾಲ್ಯ ಕಳೆದ ಆಡಂ ಆಸ್ಬೋರ್ನ್ ಎಂಬಾತ 1981ರಲ್ಲಿ ಅಮೆರಿಕದಲ್ಲಿ ‘ಆಸ್ಬೋರ್ನ್ 1’ ಎಂಬ ಗಣಕವನ್ನು ಮಾರುಕಟ್ಟೆಗೆ ತಂದ. ತೂಕ ಸುಮಾರು 11 ಕಿಲೋ, ತೆರೆ ಕೇವಲ 5 ಇಂಚು, ಬೆಲೆ 1,795 ಡಾಲರ್. ಹೊಲಿಗೆ ಯಂತ್ರದ ಪೆಟ್ಟಿಗೆಯಂತಿದ್ದ ಅದಕ್ಕೆ ಒಳಗಿನ ಬ್ಯಾಟರಿಯೂ ಇರಲಿಲ್ಲ. ಆದರೂ ಜನ ಮುಗಿಬಿದ್ದು ಕೊಂಡರು. 1983ರಲ್ಲಿ ಆತ ಇದಕ್ಕಿಂತ ಉತ್ತಮ ಮಾದರಿ ಬರಲಿದೆಯೆಂದು ಮುಂಚಿತವಾಗಿ ಸಾರಿದ. ಅದು ಬರಲಿ ಎಂದು ಗಿರಾಕಿಗಳು ಕೈಕಟ್ಟಿ ಕುಳಿತರು; ಅಂಗಡಿಗಳಲ್ಲಿದ್ದ ಹಳೆಯ ಸರಕು ಹಾಗೆಯೇ ಉಳಿಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಂಸ್ಥೆ ದಿವಾಳಿಯಾಯಿತು. ಎದುರಾಳಿ ಕಂಪನಿಗಳ ಪೈಪೋಟಿಯೂ ಅದಕ್ಕೆ ಕಾರಣವೆಂದು ಚರಿತ್ರಕಾರರು ಹೇಳುತ್ತಾರೆ. ಏನೇ ಇರಲಿ, ಮುಂದಿನ ಮಾದರಿಯ ಸುದ್ದಿ ಇಂದಿನ ಮಾರಾಟವನ್ನು ಕೆಡಿಸುವುದಕ್ಕೆ ವ್ಯಾಪಾರಲೋಕದಲ್ಲಿ ‘ಆಸ್ಬೋರ್ನ್ ಪರಿಣಾಮ’ ಎಂಬ ಹೆಸರೇ ನಿಂತಿತು. ಆಸ್ಬೋರ್ನ್ ಕೊನೆಗಾಲದಲ್ಲಿ ತಮಿಳುನಾಡಿಗೇ ಮರಳಿ 2003ರಲ್ಲಿ ಕೊಡೈಕೆನಾಲಿನಲ್ಲಿ ತೀರಿಕೊಂಡ.

ಗಣಕಗಳ ವಿಷಯದಲ್ಲಿ ಈ ‘ಮುಂದಿನದು’ ಎಂದಿಗೂ ಮುಗಿಯದು. ಒಂದು ಚಿಪ್ಪಿನಲ್ಲಿ ಅಡಕವಾಗುವ ಬಿಡಿಭಾಗಗಳ ಸಂಖ್ಯೆ ವರ್ಷಕ್ಕೆ ಇಮ್ಮಡಿಯಾಗುತ್ತಿದೆ ಎಂದು ಗಾರ್ಡನ್ ಮೂರ್ 1965ರಲ್ಲಿ ಗುರುತಿಸಿದ. 1975ರಲ್ಲಿ ಆ ಅವಧಿಯನ್ನು ಎರಡು ವರ್ಷಕ್ಕೆ ತಿದ್ದಿದ. ಯಂತ್ರದ ಶಕ್ತಿ ಹೀಗೆ ಏರುತ್ತಾ ಬಂದರೂ ಬಳಸುವವರಿಗೆ ಅಷ್ಟೇ ವೇಗ ಸಿಗಲಿಲ್ಲವೇಕೆ? ‘ಪಾಸ್ಕಲ್’ ಭಾಷೆಯನ್ನು ರೂಪಿಸಿದ ನಿಕ್ಲಾಸ್ ವಿರ್ತ್ 1995ರಲ್ಲಿ ಇದಕ್ಕೆ ಕಾರಣ ಹೇಳಿದ: ಯಂತ್ರಗಳು ಚುರುಕಾಗುವುದಕ್ಕಿಂತ ಬೇಗನೆ ತಂತ್ರಾಂಶಗಳು ದಪ್ಪಗಾಗುತ್ತಿವೆ. ನಾಲ್ಕು ಸಾಲಿನ ಅರ್ಜಿ ಬೆರಳಚ್ಚು ಮಾಡುವ ಕೆಲಸ ಅಂದೂ ಒಂದೇ, ಇಂದೂ ಒಂದೇ. ಆ ಕೆಲಸಕ್ಕೆಂದು ತೆರೆಯಬೇಕಾದ ತಂತ್ರಾಂಶ ಮಾತ್ರ ಹತ್ತಾರು ಪಟ್ಟು ಭಾರವಾಗಿದೆ. ಹಳೆಯ ಲ್ಯಾಪ್‌ಟಾಪ್ ಮುದಿಯಾದಂತೆ ಕಾಣುವುದು ಬಹುಮಟ್ಟಿಗೆ ಇದರಿಂದ.

ಹಾಗಾದರೆ ತಡೆಯನ್ನು ಕಂಡುಹಿಡಿಯುವುದು ಹೇಗೆ? ಲ್ಯಾಪ್‌ಟಾಪಿನೊಳಗೆ ಮುಖ್ಯವಾಗಿ ಮೂರು ಅಂಗಗಳು ಕೂಡಿ ಕೆಲಸ ಮಾಡುತ್ತವೆ. ಕಡತಗಳೆಲ್ಲ ಶಾಶ್ವತವಾಗಿ ಇರುವ ಡಿಸ್ಕು ಬಾವಿ ಇದ್ದಂತೆ. ಲೆಕ್ಕ ಮಾಡುವ ಪ್ರೊಸೆಸರು ಮೋಟಾರು ಇದ್ದಂತೆ. ಸದ್ಯದ ಕೆಲಸಕ್ಕೆ ಬೇಕಾದುದನ್ನು ತುಂಬಿಟ್ಟುಕೊಳ್ಳುವ ಮೆಮೊರಿ, ಅಂದರೆ ‘ರ‍್ಯಾಮ್’, ಹೊಲದ ತೊಟ್ಟಿ ಇದ್ದಂತೆ. ತೊಟ್ಟಿ ಚಿಕ್ಕದಾದರೆ ಮತ್ತೆ ಮತ್ತೆ ಬಾವಿಗೆ ಹೋಗಬೇಕು. ಬಾವಿಯೇ ನಿಧಾನವಾದರೆ ಮೋಟಾರು ಎಷ್ಟು ದೊಡ್ಡದಿದ್ದರೂ ಕಾಯಲೇಬೇಕು.

ಹಳೆಯ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಇದ್ದದ್ದು ತಿರುಗುವ ತಟ್ಟೆಯ ಹಾರ್ಡ್ ಡಿಸ್ಕು. ನಿಮಿಷಕ್ಕೆ 5,400 ಸುತ್ತು ತಿರುಗುವ ತಟ್ಟೆಯ ಮೇಲೆ ಒಂದು ಸೂಜಿ ಹಿಂದೆ ಮುಂದೆ ಸರಿದು ಓದುತ್ತದೆ. ಚದುರಿ ಬಿದ್ದ ಸಣ್ಣ ಸಣ್ಣ ತುಣುಕುಗಳನ್ನು ಓದುವಾಗ ಅದು ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಓದೀತು. ತಿರುಗುವ ಭಾಗವೇ ಇಲ್ಲದ ಎಸ್.ಎಸ್.ಡಿ. ಅದೇ ಸೆಕೆಂಡಿನಲ್ಲಿ ಹತ್ತಾರು ಸಾವಿರ ತುಣುಕುಗಳನ್ನು ಓದಬಲ್ಲದು. ವಿಂಡೋಸ್ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಯಂತ್ರ ತೆವಳುತ್ತಿರುವ ಹೊತ್ತಿನಲ್ಲಿ ಅಲ್ಲಿ ಡಿಸ್ಕಿನ ಅಂಕಿ ನೂರಕ್ಕೆ ನೂರು ತೋರಿಸುತ್ತಾ ಪ್ರೊಸೆಸರಿನದು ಇಪ್ಪತ್ತು ಮೂವತ್ತರಲ್ಲೇ ಇದ್ದರೆ ಮೋಟಾರಿನ ತಪ್ಪಿಲ್ಲ. ಹಾರ್ಡ್ ಡಿಸ್ಕು ತೆಗೆದು ಎಸ್.ಎಸ್.ಡಿ. ಹಾಕಿಸಿದರೆ ಅದೇ ಲ್ಯಾಪ್‌ಟಾಪ್ ಇನ್ನೂ ಕೆಲವು ವರ್ಷ ದುಡಿದೀತು. ಮೆಮೊರಿಯ ಅಂಕಿ ಸದಾ ತೊಂಬತ್ತರ ಮೇಲಿದ್ದರೆ ತೊಟ್ಟಿ ಸಾಲದಾಗಿದೆ ಎಂದರ್ಥ. ಕೆಲವು ತೆಳು ಮಾದರಿಗಳಲ್ಲಿ ಮೆಮೊರಿಯನ್ನು ಬೆಸುಗೆ ಹಾಕಿಯೇ ಬಿಟ್ಟಿರುತ್ತಾರೆ, ಹೆಚ್ಚಿಸಲಾಗದು. ಕೊಳ್ಳುವಾಗಲೇ ಇದನ್ನು ಕೇಳಿ ತಿಳಿಯಬೇಕು. ಪ್ರೊಸೆಸರಿನ ಅಂಕಿಯೇ ಸದಾ ತುದಿ ಮುಟ್ಟಿದ್ದು, ಮಾಡುವ ಕೆಲಸ ವಿಡಿಯೋ ಸಂಕಲನದಂತಹ ಭಾರದ್ದಾಗಿದ್ದರೆ ಆಗ ನಿಜಕ್ಕೂ ಮೋಟಾರು ಚಿಕ್ಕದಾಗಿದೆ.

ಕರೆಂಟು ಹೋದ ಕೂಡಲೇ ಆರಿಹೋಗುವ ಲ್ಯಾಪ್‌ಟಾಪಿನ ಬಗ್ಗೆಯೂ ದೂರು ಸಾಮಾನ್ಯ. ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ ಮುನ್ನೂರರಿಂದ ಐನೂರು ಸಲ ಪೂರ್ತಿ ತುಂಬಿ ಬರಿದಾದ ಮೇಲೆ ಬಲಗುಂದುತ್ತದೆ. ಅದು ಸವೆಯುವ ವಸ್ತು, ಸೈಕಲ್ಲಿನ ಟೈರಿನಂತೆ. ಟೈರು ಸವೆದರೆ ಯಾರೂ ಸೈಕಲ್ ಬದಲಿಸುವುದಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯದನ್ನು ಎಂದೂ ಬಿಡಬಾರದೆಂದಲ್ಲ. ವೇಗಕ್ಕೆ ಸಂಬಂಧವೇ ಇಲ್ಲದ ಒಂದು ಕಾರಣ ಈಚೆಗೆ ಲಕ್ಷಾಂತರ ಮನೆಗಳ ಬಾಗಿಲು ತಟ್ಟಿದೆ. 2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಉಚಿತ ಭದ್ರತಾ ತಿದ್ದುಪಡಿಗಳನ್ನು ಕೊಡುವುದನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಮಾತ್ರ ವಾಯಿದೆ ನೀಡಿತು. 2021ರಲ್ಲಿ ಬಂದ ವಿಂಡೋಸ್ 11 ‘ಟಿ.ಪಿ.ಎಂ. 2.0’ ಎಂಬ ಭದ್ರತಾ ಭಾಗವನ್ನು ಕೇಳುತ್ತದೆ. ಇಂಟೆಲ್ ಪ್ರೊಸೆಸರುಗಳಲ್ಲಿ 2017ರ ಸುಮಾರಿಗೆ ಬಂದ ಎಂಟನೆಯ ತಲೆಮಾರಿಗಿಂತ ಹಿಂದಿನವನ್ನು ಬಹುಪಾಲು ಅದು ಒಪ್ಪುವುದಿಲ್ಲ. ಯಂತ್ರ ಗಟ್ಟಿಯಾಗಿದ್ದರೂ ಬಾಗಿಲಿನ ಚಿಲಕ ರಿಪೇರಿ ಮಾಡುವವರಿಲ್ಲದಂತಾಗುವ ಸ್ಥಿತಿ ಇದು. ಬ್ಯಾಂಕ್ ವ್ಯವಹಾರ, ಶಾಲೆಯ ಮಕ್ಕಳ ದಾಖಲೆ, ಗಿರಾಕಿಗಳ ಆಧಾರ್ ಪ್ರತಿ ಇರುವ ಯಂತ್ರವನ್ನು ಹಾಗೆ ಬಿಡುವುದು ತರವಲ್ಲ. ಉಳಿಯುವ ದಾರಿ ಎರಡು: ಹೊಸ ಯಂತ್ರ ಕೊಳ್ಳುವುದು, ಇಲ್ಲವೇ ಹಳೆಯದಕ್ಕೆ ಲಿನಕ್ಸ್ ಹಾಕಿ ಮುಂದುವರಿಸುವುದು. ಲಿನಕ್ಸಿಗೆ ಹಣ ಕೊಡಬೇಕಿಲ್ಲ, ಹಳೆಯ ಯಂತ್ರದಲ್ಲೂ ಅದು ಹಗುರವಾಗಿ ಓಡುತ್ತದೆ. ಆದರೆ ವಿಂಡೋಸಿಗೆಂದೇ ಮಾಡಿದ ತಂತ್ರಾಂಶ ಅನ್ನ ಕೊಡುತ್ತಿದ್ದರೆ ಆ ದಾರಿ ಒಗ್ಗದು.

ಕನ್ನಡದಲ್ಲಿ ಕೆಲಸ ಮಾಡುವವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಅಂಗಡಿಯವನ ಬೆಲೆಪಟ್ಟಿಯಲ್ಲಿ ಅದು ಇರುವುದಿಲ್ಲ. ತಾಲ್ಲೂಕು ಕೇಂದ್ರದ ಡಿ.ಟಿ.ಪಿ. ಅಂಗಡಿಯಲ್ಲಿ ಇಪ್ಪತ್ತು ವರ್ಷದ ಲಗ್ನಪತ್ರಿಕೆ, ಕರಪತ್ರ, ಕರಾರುಪತ್ರಗಳು ಕೂಡಿಬಿದ್ದಿರುತ್ತವೆ. ಶಾಲೆಯ ಗಣಕದಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳಿರುತ್ತವೆ. ಇವುಗಳಲ್ಲಿ ಬಹಳಷ್ಟು 1998ರಲ್ಲಿ ಬಂದ ‘ಬರಹ’ದಲ್ಲೋ, ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯಲ್ಲೋ ಹಳೆಯ ಪದ್ಧತಿಯಲ್ಲಿ ಮೂಡಿದವು. ಆ ಪದ್ಧತಿಯಲ್ಲಿ ಗಣಕ ಉಳಿಸಿಕೊಳ್ಳುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳನ್ನು. ತೆರೆಯ ಮೇಲೆ ಅವಕ್ಕೆ ಕನ್ನಡದ ಆಕಾರ ತೊಡಿಸುತ್ತಿದ್ದುದು ಫಾಂಟು. ಆ ಫಾಂಟು ಇಲ್ಲದ ಹೊಸ ಲ್ಯಾಪ್‌ಟಾಪಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ.

ಯುನಿಕೋಡ್ ಈ ತೊಡಕನ್ನು ಬಿಡಿಸಿತು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಅದರಲ್ಲಿ ಕನ್ನಡದ ‘ಕ’ಕಾರದ ಸಂಖ್ಯೆ 3221, ತೆಲುಗಿನ ‘ಕ’ಕಾರದ್ದು 3093, ಯಾವ ಯಂತ್ರದಲ್ಲಿ ತೆರೆದರೂ ಅದು ಬದಲಾಗದು. ಮೂರು ದಿಕ್ಕಿಗೂ ಆಂಧ್ರಪ್ರದೇಶ ಸುತ್ತುವರಿದ ಪಾವಗಡದಂತಹ ಊರಿನಲ್ಲಿ ಒಂದೇ ಕರಪತ್ರದಲ್ಲಿ ಕನ್ನಡ, ತೆಲುಗು ಎರಡೂ ಬೇಕಾಗಬಹುದು. ಅಂಥಲ್ಲಿ ಇದರ ಬೆಲೆ ಹೇಳಬೇಕಿಲ್ಲ. ಆದ್ದರಿಂದ ಹೊಸ ಯಂತ್ರ ಬರುವ ಮುನ್ನವೇ, ಹಳೆಯದು ಇನ್ನೂ ಓಡುತ್ತಿರುವಾಗಲೇ, ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸಿ ಬೇರೆ ಡಿಸ್ಕಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಬೇಕು. ಪರಿವರ್ತಕಗಳು ನುಡಿ, ಬರಹಗಳಲ್ಲೇ ಇವೆ. ಒತ್ತಕ್ಷರ, ಅರ್ಕಾವತ್ತು ಬಂದೆಡೆ ಅವು ಕೆಲವೊಮ್ಮೆ ಎಡವುವುದರಿಂದ ಒಮ್ಮೆ ಕಣ್ಣಾಡಿಸುವುದು ಲೇಸು.

ಇಲ್ಲಿ ಒಂದು ಸಮಾಧಾನದ ಸಂಗತಿಯಿದೆ. ಕೆ.ಪಿ. ರಾವ್ ಅವರು ಕನ್ನಡಕ್ಕೆ ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಕರ್ನಾಟಕ ಸರ್ಕಾರ ಅಲ್ಪಸ್ವಲ್ಪ ಬದಲಾವಣೆಯೊಡನೆ ಅಂಗೀಕರಿಸಿತು. ‘ನುಡಿ’ಯ ಮೂಲಕ ಅದು ಮನೆಮಾತಾಯಿತು. ಅದರ ಮೇಲೆ ಪಳಗಿದ ಬೆರಳುಗಳು ಯುನಿಕೋಡಿಗೆ ಬಂದಾಗ ಹೊಸದಾಗಿ ಕಲಿಯಬೇಕಾಗಲಿಲ್ಲ. ಯಂತ್ರ ಬದಲಾದರೂ ಕೈಯ ರೂಢಿ ಉಳಿಯಿತು.

ಹೊಸದು ಬಂದ ಉತ್ಸಾಹದಲ್ಲಿ ಹಳೆಯದನ್ನು ಪೂರ್ತಿ ಕೈಬಿಟ್ಟರೆ ಏನಾಗುತ್ತದೆಂಬುದು ಈ ಸೀಮೆಗೆ ಅನುಭವದ ಪಾಠ. ನೆಲದ ನೀರು ತಾನಾಗಿ ಒಸರುವ ಜಾಗ ಗುರುತಿಸಿ, ಕಾಲುವೆ ತೆಗೆದು ಹೊಲಕ್ಕೆ ಹರಿಸುವ ತಲಪರಿಗೆಗಳು ಈ ನಾಲ್ಕು ತಾಲ್ಲೂಕುಗಳಲ್ಲಿ ಹಿಂದಿನಿಂದ ಇದ್ದವು. ಊರವರು ಕೂಡಿ ಅವುಗಳ ಹೂಳು ತೆಗೆಯುತ್ತಿದ್ದರು. ಕೊಳವೆಬಾವಿ ಬಂದ ಮೇಲೆ ಅವುಗಳನ್ನು ಕೇಳುವವರಿಲ್ಲದೆ ಎಷ್ಟೋ ಹೂತುಹೋದವು. ಅಂತರ್ಜಲ ಪಾತಾಳಕ್ಕಿಳಿದಾಗ ಹಳೆಯ ನೀರೂ ಇಲ್ಲ, ಹೊಸ ನೀರೂ ಇಲ್ಲ ಎಂಬಂತಾಯಿತು. ಹೊಸ ನೀರು ಬಂದು ಹಳೆ ನೀರು ಕೊಚ್ಚಿತು ಎಂಬ ಗಾದೆ ಎಲ್ಲ ಕಾಲಕ್ಕೂ ಶುಭಸೂಚನೆಯಲ್ಲ.

ಲ್ಯಾಪ್‌ಟಾಪಿನ ವಿಷಯದಲ್ಲೂ ಅಷ್ಟೇ. ಅದರ ಆಯುಷ್ಯದಲ್ಲಿ ಪರಿಸರದ ಮೇಲೆ ಬೀಳುವ ಇಂಗಾಲದ ಹೊರೆಯ ಬಹುಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. ಬಳಸುವಾಗ ಖರ್ಚಾಗುವ ವಿದ್ಯುತ್ತಿನ ಪಾಲು ಕಡಿಮೆ. ಹೀಗಾಗಿ ಇರುವುದನ್ನೇ ಎರಡು ವರ್ಷ ಹೆಚ್ಚು ಬಳಸಿದರೆ ಅದೇ ದೊಡ್ಡ ಉಳಿತಾಯ. ತನಗೆ ಬೇಡವಾದ ಯಂತ್ರ ಪಿ.ಯು.ಸಿ. ಓದುವ ನೆಂಟರ ಹುಡುಗನಿಗೆ ಸಾಕಾದೀತು; ಕೊಡುವ ಮುನ್ನ ಸ್ವಂತ ಕಡತಗಳನ್ನು ಪೂರ್ತಿ ಅಳಿಸಿರಬೇಕು. ನಿಜಕ್ಕೂ ಕೆಟ್ಟುಹೋದದ್ದನ್ನು ಗುಜರಿಗೆ ಹಾಕಬಾರದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅದು ನೋಂದಾಯಿತ ಮರುಬಳಕೆದಾರರ ಕೈ ಸೇರಬೇಕು. ಬಯಲಲ್ಲಿ ಸುಟ್ಟರೆ ಅದರೊಳಗಿನ ಸೀಸದಂತಹ ವಿಷ ಗಾಳಿಗೆ, ಮಣ್ಣಿಗೆ, ಕೊನೆಗೆ ಕುಡಿಯುವ ನೀರಿಗೂ ಸೇರುತ್ತದೆ.

ಆದ್ದರಿಂದ ಹೊಸ ಮಾದರಿಯ ಜಾಹೀರಾತು ಕಂಡಾಗ ಮೊದಲು ನೋಡಬೇಕಾದದ್ದು ಮನೆಯಲ್ಲಿರುವ ಯಂತ್ರವನ್ನು. ಡಿಸ್ಕು, ಮೆಮೊರಿ, ಬ್ಯಾಟರಿಗಳಲ್ಲಿ ಒಂದನ್ನು ಬದಲಿಸಿದರೆ ಕೆಲಸ ನಡೆಯುವುದೇ? ಭದ್ರತಾ ತಿದ್ದುಪಡಿ ಇನ್ನೂ ಬರುತ್ತಿದೆಯೇ? ಹಳೆಯ ಕಡತಗಳು ಹೊಸದರಲ್ಲಿ ತೆರೆದಾವೇ? ಇಷ್ಟನ್ನು ವಿಚಾರಿಸಿದ ಮೇಲೂ ಹೊಸದೇ ಬೇಕೆಂದು ಕಂಡರೆ ಅಳುಕದೆ ಕೊಳ್ಳಬಹುದು. ಮುಂದಿನ ವರ್ಷ ಇದಕ್ಕಿಂತ ಒಳ್ಳೆಯದು ಬರುತ್ತದೆಂದು ಕಾಯುವುದೂ ವ್ಯರ್ಥ. ಅದು ಹೇಗೂ ಬಂದೇ ಬರುತ್ತದೆ. ಮಗಳ ಪರೀಕ್ಷೆ ಮಾತ್ರ ಅದಕ್ಕಾಗಿ ಕಾಯುವುದಿಲ್ಲ.