ಸೇನೆಗೆ ಸೇರುವ ಓಟ: ಅವಸರ ಬೇಡ

ಮಕ್ಕಳೇ, ದೊಡ್ಡವರಾದ ಮೇಲೆ ಸೈನಿಕರಾಗುವ ಆಸೆಯೇ? ಅಗ್ನಿವೀರ ನೇಮಕಾತಿ ರ‍್ಯಾಲಿಯಲ್ಲಿ ಹುಡುಗರಿಗೆ 1.6 ಕಿ.ಮೀ. ಓಟವಿರುತ್ತದೆ. 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ಣ 60 ಅಂಕ. ಅಂದರೆ 400 ಮೀಟರಿನ ನಾಲ್ಕು ಸುತ್ತು, ಸುತ್ತಿಗೆ ಸುಮಾರು 82 ಸೆಕೆಂಡು! ಕಬ್ಬಿಣದ ಅಡ್ಡಸರಳಿಗೆ ಜೋತುಬಿದ್ದು 10 ಸಲ ಮೈ ಮೇಲೆತ್ತಿದರೆ 40 ಅಂಕ. 9 ಅಡಿ ಅಗಲದ ಹಳ್ಳವನ್ನೂ ಜಿಗಿಯಬೇಕು.

ಎಷ್ಟೋ ಅಣ್ಣಂದಿರು ರ‍್ಯಾಲಿಗೆ ತಿಂಗಳಿರುವಾಗ ಟಾರು ರಸ್ತೆಯಲ್ಲಿ ದಿನವೂ ಜೋರಾಗಿ ಓಡತೊಡಗುತ್ತಾರೆ. ಉಸಿರು ಬೇಗ ಪಳಗುತ್ತದೆ; ಮೂಳೆ ಗಟ್ಟಿಯಾಗುವುದು ನಿಧಾನ. ಮೊಣಕಾಲಿನ ಕೆಳಗಿನ ಮೂಳೆ ನೋಯತೊಡಗುತ್ತದೆ. ನೋವು ಮುಚ್ಚಿಟ್ಟು ಓಡಿದರೆ ಅದರಲ್ಲಿ ಸಣ್ಣ ಬಿರುಕು ಬಿಟ್ಟು, ರ‍್ಯಾಲಿಯೇ ಕೈತಪ್ಪಬಹುದು.

ಅದಕ್ಕೇ ಐದಾರು ತಿಂಗಳ ಮೊದಲೇ ಮಣ್ಣಿನ ಮೈದಾನಕ್ಕೆ ಇಳಿಯಬೇಕು. ಮೊದಲು ನಡಿಗೆ, ಆಮೇಲೆ ನಿಧಾನ ಓಟ. ವಾರವಾರವೂ ಸ್ವಲ್ಪವೇ ಹೆಚ್ಚಿಸಬೇಕು, ನಡುನಡುವೆ ಬಿಡುವು ಕೊಡಬೇಕು.

ಅಜ್ಜ ಅಜ್ಜಿಯರೇ, ಓಡುವ ಮೊಮ್ಮಗನಿಗೆ ರಾಗಿ ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ ಬಡಿಸಿ. ಬೇಗ ಮಲಗಿಸಿ. ಅವನು ಕುಂಟುತ್ತಾ ಬಂದರೆ ‘ಇವತ್ತಿಗೆ ಸಾಕು ಕಣಪ್ಪಾ’ ಎಂದು ತಡೆಯಿರಿ. ನೋವು ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಪುಟಾಣಿಗಳೇ, ನೀವೀಗ ಗಡಿಯಾರ ಹಿಡಿದು ಓಡುವುದು ಬೇಡ. ಕುಂಟೆಬಿಲ್ಲೆ, ಕೊಕ್ಕೊ, ಕಬಡ್ಡಿ ಆಡಿ. ಜಿಗಿದಾಡುವ ಆಟದಲ್ಲೇ ಮೂಳೆ ಗಟ್ಟಿಯಾಗುತ್ತದೆ.