ಡಿಸೆಂಬರಿಗೆ ಮುಗಿಯದ ಹಾಡಿನ ವರ್ಷ

ದುರ್ಮುಖಿ ಸಂವತ್ಸರ. ಒಂದು: ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. ಎರಡು: ‘ಕಿರಿಕ್ ಪಾರ್ಟಿ’. ಮೂರು: ‘ರಾಮಾ ರಾಮಾ ರೇ’.

ಬ್ಯಾಂಕಿನವರು ಪುಕ್ಕಟೆ ಹಂಚಿದ ಹಳೇ ಡೈರಿಯಲ್ಲಿ ಬಾಲ್‌ಪೆನ್ನಿನಿಂದ ಬರೆದಿದ್ದ ಈ ಸಾಲು ಕಣ್ಣಿಗೆ ಬಿದ್ದದ್ದೇ ತಡ, ನಾನು ಜಗಳಕ್ಕೆ ನಿಂತೆ. ಆ ವರ್ಷ ಕಾಲೇಜು ಡೇಗಳಲ್ಲಿ, ಮದುವೆ ಛತ್ರಗಳಲ್ಲಿ, ಆಟೊಗಳಲ್ಲಿ ‘ಕಿರಿಕ್ ಪಾರ್ಟಿ’, ಎಲ್ಲೆಲ್ಲೂ ಅದಕ್ಕೆ ಸಂಗೀತ ಕೊಟ್ಟ ಅಜನೀಶ್ ಲೋಕನಾಥ್. ಅಂಥ ಆಲ್ಬಮ್ಮಿಗೆ ಎರಡನೇ ಸ್ಥಾನವೇ? ಡೈರಿಯ ಯಜಮಾನರು ಎಲೆಗೆ ಸುಣ್ಣ ಹಚ್ಚುತ್ತ ಕೂತವರು ತಲೆ ಎತ್ತಲಿಲ್ಲ. “ನೀವು ಹೇಳ್ತಿರೋದು ಎರಡು ಹಾಡಿನ ಮಾತು ಮಾರಾಯ್ರೆ. ನಾನು ನಂಬರು ಕೊಟ್ಟಿದ್ದು ಇಡೀ ಆಲ್ಬಮ್ಮಿಗೆ” ಎಂದರು. ಚರಣ್‌ರಾಜ್ ಸಂಗೀತದ ‘ಗೋಧಿ ಬಣ್ಣ’ ಆಲ್ಬಮ್ಮಿನಲ್ಲಿ ತೆಗೆದುಹಾಕುವ ಹಾಡೇ ಇಲ್ಲವಂತೆ. ‘ಕಿರಿಕ್ ಪಾರ್ಟಿ’ಯಲ್ಲಿ ಇದೆಯಂತೆ, ಯಾವುದೆಂದು ಮಾತ್ರ ಕೊನೆಯವರೆಗೂ ಬಾಯಿ ಬಿಡಲಿಲ್ಲ.

ಈ ಹಿರಿಯರು ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲಿ ಖಾಸಗಿ ಬಸ್ಸಿನ ಕಂಡಕ್ಟರಾಗಿದ್ದವರು. ಹೆಸರು ಹಾಕುವುದು ಬೇಡ ಎಂದರು, ಹಾಕುವುದಿಲ್ಲ. 1987ರಲ್ಲಿ ಕೆಲಸಕ್ಕೆ ಸೇರಿದ ಲಾಗಾಯ್ತು ಪ್ರತಿ ವರ್ಷ ತಮಗೆ ಹಿಡಿಸಿದ, ಹೆಚ್ಚೆಂದರೆ ಹತ್ತು ಆಲ್ಬಂಗಳನ್ನು ಕ್ರಮವಾಗಿ ಬರೆದಿಟ್ಟಿದ್ದಾರೆ. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಪೆನ್‌ಡ್ರೈವ್ ಬಂತು, ಅವರು ಬಸ್ಸು ಇಳಿದು ಮನೆಯಲ್ಲಿ ಕೂತರು; ಪಟ್ಟಿ ನಿಂತಿಲ್ಲ. ಸಂಗೀತಪ್ರಿಯರ ವರ್ಷದ ಪಟ್ಟಿಗಳನ್ನು ನಾನು ಸಾಕಷ್ಟು ಓದಿದ್ದೇನೆ, ಬಹುಪಾಲು ಮರೆತಿದ್ದೇನೆ. ಈ ಡೈರಿಗಳು ಮಾತ್ರ ತಲೆಯಿಂದ ಹೋಗುತ್ತಿಲ್ಲ.

ಪಟ್ಟಿ ಶುರುವಾದದ್ದು ರಸಿಕತೆಯಿಂದಲ್ಲ, ಜಾಗದ ಅಭಾವದಿಂದ. ಡ್ರೈವರ್ ಸೀಟಿನ ಹಿಂದೆ ಕ್ಯಾಸೆಟ್ಟಿಗೆಂದು ಒಂದು ಮರದ ಪೆಟ್ಟಿಗೆ. ಹೊಸದು ಬಂದ ಹಾಗೆಲ್ಲ ಹಳೆಯದು ಹೊರಗೆ ಹೋಗಲೇಬೇಕು. ಯುಗಾದಿಯ ದಿನ ಬಸ್ಸು ತೊಳೆದು, ಪೆಟ್ಟಿಗೆ ಖಾಲಿ ಮಾಡಿ, ಆ ವರ್ಷದ ಹತ್ತನ್ನು ಮಾತ್ರ ಉಳಿಸಿಕೊಳ್ಳುವುದು ಎಂದು ಡ್ರೈವರಿಗೂ ಇವರಿಗೂ ಒಪ್ಪಂದವಾಯಿತು. ಯಾವ ಹತ್ತು ಎಂಬ ವಾದ ಜೋರಾದಾಗ ಕಂಡಕ್ಟರು ಅಂಕ ಹಾಕತೊಡಗಿದರು. ಹಾಡಿಗೆ ಹತ್ತರಂತೆ ಅಂಕ, ಎಲ್ಲ ಕೂಡಿಸಿ ಹಾಡುಗಳ ಸಂಖ್ಯೆಯಿಂದ ಭಾಗಿಸುವುದು. ಟಿಕೆಟ್ಟಿನ ಲೆಕ್ಕ ಮಾಡಿ ಪಳಗಿದ ಕೈಗೆ ಅದೇನು ಕಷ್ಟವಲ್ಲ.

ಮೊದಲ ಡೈರಿಯಲ್ಲಿ ಇರುವುದು ಆರೇ ಹೆಸರು. ಆ ವರ್ಷ ಬಸ್ಸಿಗೆ ಬಂದ ಹೊಸ ಕ್ಯಾಸೆಟ್ಟುಗಳೇ ಅಷ್ಟು. ಮೇಲಿರುವುದು ‘ಪ್ರೇಮಲೋಕ’ ಎಂದು ಬೇರೆ ಹೇಳಬೇಕಿಲ್ಲ. ಆದರೆ ಅದರ ಅಂಕ ನೋಡಿದರೆ ಬೆರಗಾಗುತ್ತದೆ, ಏಳೂವರೆಯನ್ನೂ ದಾಟಿಲ್ಲ. ಹಂಸಲೇಖ ಆ ಒಂದು ಕ್ಯಾಸೆಟ್ಟಿನಲ್ಲಿ ಹತ್ತರ ಆಸುಪಾಸು ಹಾಡು ತುಂಬಿದ್ದರಿಂದ ಸರಾಸರಿ ಇಳಿಯಿತು ಎಂಬುದು ಕಂಡಕ್ಟರ ವಿವರಣೆ. ಮೇಲೆ ಬರೆದಿರುವ ಸಂವತ್ಸರ ಪ್ರಭವ, ಅರವತ್ತು ಸಂವತ್ಸರಗಳಲ್ಲಿ ಮೊದಲನೆಯದು. ಕನ್ನಡ ಕ್ಯಾಸೆಟ್ಟಿನ ದೊಡ್ಡ ಸುಗ್ಗಿ ಶುರುವಾದದ್ದಕ್ಕೂ ಚಕ್ರ ಹೊಸದಾಗಿ ತಿರುಗಿದ್ದಕ್ಕೂ ತಾಳೆಯಾಯಿತಲ್ಲ ಎಂದರೆ ಅವರು ನಕ್ಕರು. ನನಗೂ ಇಂಥ ತಾಳೆಗಳಲ್ಲಿ ನಂಬಿಕೆಯಿಲ್ಲ, ಹೇಳಲು ಚೆನ್ನಾಗಿದೆ ಅಷ್ಟೆ.

ಅಂಕದ ಪಕ್ಕದಲ್ಲಿ ಇನ್ನೊಂದು ಕಾಲಂ: ‘ಕೊನೆ ಹಾಡು’. ಬಿ ಬದಿಯ ಕಟ್ಟಕಡೆಯ ಹಾಡು ಹೇಗಿದೆ ಎಂಬ ಪ್ರತ್ಯೇಕ ಷರಾ. ಎ ಬದಿಯ ಮೊದಲ ಹಾಡು ಚೆನ್ನಾಗಿರುವುದರಲ್ಲಿ ವಿಶೇಷವಿಲ್ಲ, ಅದು ಅಂಗಡಿಯ ಮುಂದೆ ಗಿರಾಕಿಯನ್ನು ನಿಲ್ಲಿಸಲು ಇಟ್ಟದ್ದು. ಶಿವಮೊಗ್ಗ ಬಿಟ್ಟ ಬಸ್ಸು ಸಕ್ರೆಬೈಲು ದಾಟುವಾಗ ಎ ಬದಿ ಮುಗಿಯುತ್ತಿತ್ತು. ಮಗುಚಿ ಹಾಕಿದರೆ ಮಂಡಗದ್ದೆಯ ಸುತ್ತಮುತ್ತ ಬಿ ಬದಿಯೂ ಮುಗಿಯಬೇಕು. ಅಲ್ಲಿಯವರೆಗೆ ಯಾರೂ “ಬೇರೆ ಹಾಕಿ” ಎನ್ನದಿದ್ದರೆ ಆ ಕ್ಯಾಸೆಟ್ಟು ಪಾಸು. ಮೂರು ಟ್ರಿಪ್ಪು ಪೂರ್ತಿ ಕೇಳದ ಆಲ್ಬಮ್ಮಿಗೆ ಪಟ್ಟಿಯಲ್ಲಿ ಪ್ರವೇಶವೇ ಇಲ್ಲ.

ಪಟ್ಟಿ ಮಾಡುವ ಚಟ ನಮ್ಮವರಿಗೆ ಹತ್ತಿದ್ದು ಎಲ್ಲಿಂದ ಎಂಬುದು ಹಳಬರಿಗೆಲ್ಲ ಗೊತ್ತು. 1952ರ ಡಿಸೆಂಬರಿನಲ್ಲಿ ರೇಡಿಯೊ ಸಿಲೋನ್‌ನಿಂದ ಶುರುವಾದ ಬಿನಾಕಾ ಗೀತಮಾಲಾ, ಬುಧವಾರ ರಾತ್ರಿ, ಅಮೀನ್ ಸಯಾನಿಯ ದನಿ. ರೆಕಾರ್ಡ್ ಅಂಗಡಿಗಳ ಮಾರಾಟ, ಶ್ರೋತೃ ಸಂಘಗಳ ಪತ್ರ, ಇವುಗಳ ಮೇಲೆ ಅಲ್ಲಿ ಸ್ಥಾನ ನಿರ್ಧಾರ. ವರ್ಷದ ಕೊನೆಗೆ ವಾರ್ಷಿಕ ಪಟ್ಟಿ. ನಮ್ಮ ಕಂಡಕ್ಟರೂ ಆ ಶಾಲೆಯಲ್ಲೇ ಕಲಿತವರು. ಆದರೆ ಗೀತಮಾಲೆ ಅಳೆದದ್ದು ಬಿಡಿ ಹಾಡನ್ನು. ಇಡೀ ಆಲ್ಬಮ್ಮನ್ನು ಅಳೆಯುವ ಪದ್ಧತಿ ಅಮೆರಿಕದ್ದು. ಬಿಲ್‌ಬೋರ್ಡ್ ಪತ್ರಿಕೆ 1945ರಲ್ಲೇ ಆಲ್ಬಂಗಳ ಪಟ್ಟಿ ಹಾಕಿತ್ತು. ನ್ಯೂಯಾರ್ಕಿನ ವಿಲೇಜ್ ವಾಯ್ಸ್ ಪತ್ರಿಕೆಗಾಗಿ ವಿಮರ್ಶಕ ರಾಬರ್ಟ್ ಕ್ರಿಸ್ಟ್‌ಗೌ 1971ರಲ್ಲಿ ‘ಪ್ಯಾಜ್ ಅಂಡ್ ಜಾಪ್’ ಎಂಬ ಸಮೀಕ್ಷೆ ಶುರುಮಾಡಿದರು. ಅಲ್ಲಿ ಪ್ರತಿ ವಿಮರ್ಶಕನ ಕೈಯಲ್ಲಿ ನೂರು ಅಂಕ. ಹತ್ತು ಆಲ್ಬಂಗೆ ಹಂಚಬೇಕಿತ್ತು. ಒಂದಕ್ಕೆ ಮೂವತ್ತಕ್ಕಿಂತ ಹೆಚ್ಚಿಲ್ಲ, ಐದಕ್ಕಿಂತ ಕಡಿಮೆಯಿಲ್ಲ. ಇದನ್ನು ಹೇಳಿದಾಗ ಕಂಡಕ್ಟರು ಸ್ವಲ್ಪ ಹೊತ್ತು ಯೋಚಿಸಿ, “ಅದು ದಾನ ಕೊಟ್ಟ ಹಾಗಾಯ್ತು, ಪರೀಕ್ಷೆ ಮಾಡಿದ ಹಾಗಾಗಲಿಲ್ಲ” ಎಂದು ತಳ್ಳಿಹಾಕಿದರು.

ನನ್ನ ತಲೆ ಕೆಡಿಸಿದ್ದು ಅಂಕವಲ್ಲ, ಸಂವತ್ಸರ. ಹಾಡಿನ ವರ್ಷ ಯಾವ ದಿನ ಮುಗಿಯುತ್ತದೆ? ಪ್ರಶ್ನೆ ಕ್ಷುಲ್ಲಕ ಎನಿಸಬಹುದು. ಆದರೆ ಪಟ್ಟಿ ಮಾಡುವವರೆಲ್ಲ ಎಡವಿದ್ದು ಇಲ್ಲೇ. ದಿ ಕ್ಲಾಶ್ ತಂಡದ ‘ಲಂಡನ್ ಕಾಲಿಂಗ್’ ಇಂಗ್ಲೆಂಡಿನಲ್ಲಿ ಬಂದದ್ದು 1979ರ ಡಿಸೆಂಬರಿನಲ್ಲಿ, ಅಮೆರಿಕಕ್ಕೆ ಬಂದದ್ದು 1980ರ ಜನವರಿಯಲ್ಲಿ. ಹಾಗಾಗಿ 1980ರ ‘ಪ್ಯಾಜ್ ಅಂಡ್ ಜಾಪ್’ನಲ್ಲಿ ಅದು ಮೊದಲು. ಮುಂದೆ ರೋಲಿಂಗ್ ಸ್ಟೋನ್ ಪತ್ರಿಕೆ ಎಂಬತ್ತರ ದಶಕದ ಅತ್ಯುತ್ತಮ ಆಲ್ಬಂ ಎಂದು ಕಿರೀಟ ಇಟ್ಟದ್ದೂ ಅದಕ್ಕೇ! ತನ್ನ ದೇಶದಲ್ಲಿ ಎಪ್ಪತ್ತರ ದಶಕಕ್ಕೆ ಸೇರಿದ್ದು ಸಮುದ್ರ ದಾಟಿ ಎಂಬತ್ತರ ದಶಕವನ್ನು ಗೆದ್ದಿತು.

ಗ್ರ್ಯಾಮಿಯವರದು ಇನ್ನೂ ತಮಾಷೆ. ಅವರ ವರ್ಷ ಕ್ಯಾಲೆಂಡರಿನ ಜೊತೆ ನಡೆಯುವುದೇ ಇಲ್ಲ. ಬಹುಕಾಲ ಅಕ್ಟೋಬರಿನಿಂದ ಸೆಪ್ಟೆಂಬರಿನವರೆಗೆ ಲೆಕ್ಕ. ಅಡೆಲ್ ಅವರ ‘25’ ಹೊರಬಂದದ್ದು 2015ರ ನವೆಂಬರಿನಲ್ಲಿ. ಅದಕ್ಕೆ ವರ್ಷದ ಆಲ್ಬಂ ಪ್ರಶಸ್ತಿ ಸಿಕ್ಕಿದ್ದು 2017ರ ಫೆಬ್ರುವರಿಯಲ್ಲಿ, ಅದೂ 2016ರ ಏಪ್ರಿಲ್‌ನಲ್ಲಿ ಬಂದ ಬಿಯಾನ್ಸೆಯ ‘ಲೆಮನೇಡ್’ ಅನ್ನು ಸೋಲಿಸಿ. ನಮ್ಮ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗೆ ಸಿನಿಮಾ ಬಿಡುಗಡೆಯಾದ ದಿನಾಂಕ ಲೆಕ್ಕಕ್ಕಿಲ್ಲ, ಸೆನ್ಸಾರ್ ಸರ್ಟಿಫಿಕೇಟಿನ ದಿನಾಂಕ ಲೆಕ್ಕ. ಈಗಿನ ಹುಡುಗರು ಕಾಯುವ ಸ್ಪಾಟಿಫೈನ ‘ರ‍್ಯಾಪ್ಡ್’ ಎಂಬ ವಾರ್ಷಿಕ ಲೆಕ್ಕವೂ ವರ್ಷ ಮುಗಿಯುವ ಮೊದಲೇ ಬಾಗಿಲು ಹಾಕುತ್ತದೆ. ಅದರ ಮೇಲೆ ನನಗೆ ಬೇರೆ ತಕರಾರೂ ಇದೆ. ಮೂವತ್ತು ಸೆಕೆಂಡು ಕೇಳಿದರೆ ಅಲ್ಲಿ ಒಂದು ಸಲ ಕೇಳಿದಂತೆ. ಮಂಡಗದ್ದೆಯವರೆಗೆ ಕಾದವರ ಮುಂದೆ ಈ ಮಾತು ಎತ್ತಲು ನನಗೆ ಮನಸ್ಸಾಗಲಿಲ್ಲ.

ಇನ್ನು ನಮ್ಮ ಗಾಂಧಿನಗರದ ಕಥೆ. ಡಿಸೆಂಬರಿನ ಕೊನೇ ವಾರ ಎಂದರೆ ಕನ್ನಡ ಸಿನಿಮಾಕ್ಕೆ ಅದೇನು ಮೋಹವೋ. ‘ಮಿಸ್ಟರ್ ಅಂಡ್ ಮಿಸಸ್ ರಾಮಾಚಾರಿ’ ಬಂದದ್ದು 2014ರ ಡಿಸೆಂಬರ್ 25ಕ್ಕೆ. ‘ಕಿರಿಕ್ ಪಾರ್ಟಿ’ 2016ರ ಡಿಸೆಂಬರ್ 30. ‘ಅವನೇ ಶ್ರೀಮನ್ನಾರಾಯಣ’ 2019ರ ಡಿಸೆಂಬರ್ 27. ‘ಕಾಟೇರ’ 2023ರ ಡಿಸೆಂಬರ್ 29. ಇವಕ್ಕೆಲ್ಲ ತಾತ ಅನ್ನಬಹುದಾದ ‘ಮುಂಗಾರು ಮಳೆ’ 2006ರ ಡಿಸೆಂಬರ್ 29. ದಾಖಲೆಯ ಪ್ರಕಾರ ಅದು 2006ರ ಸಿನಿಮಾ. ಆ ವರ್ಷದಲ್ಲಿ ಅದು ಥಿಯೇಟರಿನಲ್ಲಿ ಇದ್ದದ್ದು ಮೂರು ದಿನ! ಕ್ಯಾಸೆಟ್ಟು ಸಿನಿಮಾಕ್ಕಿಂತ ಮೊದಲು ಬರುತ್ತಿತ್ತು ನಿಜ. ಆದರೆ ಸೋನು ನಿಗಮ್ ದನಿಯಲ್ಲಿ ಜಯಂತ ಕಾಯ್ಕಿಣಿಯವರ ಸಾಲು ಊರೂರಿನ ಗಾಳಿಯಲ್ಲಿ ಸೇರಿಹೋದದ್ದು 2007ರಲ್ಲಿ, ಸಿನಿಮಾ ನಿಲ್ಲದೆ ಓಡತೊಡಗಿದ ಮೇಲೆ. ಹಾಗಾದರೆ 2006ರ ಪಟ್ಟಿಯಲ್ಲಿ ಅದನ್ನು ಹಾಕುವವರು ಏನನ್ನು ಕೇಳಿ ಹಾಕಿದರು? 2007ರ ಪಟ್ಟಿಯಲ್ಲಿ ಹಾಕದವರು ಆ ವರ್ಷ ಎಲ್ಲಿದ್ದರು?

ಕಂಡಕ್ಟರ ಡೈರಿಯಲ್ಲಿ ಈ ಗೊಂದಲವಿಲ್ಲ. ವ್ಯಯ ಸಂವತ್ಸರ, 2006ರ ಯುಗಾದಿಯಿಂದ 2007ರ ಯುಗಾದಿವರೆಗೆ. ಒಂದು ‘ಮುಂಗಾರು ಮಳೆ’, ಎರಡು ‘ದುನಿಯಾ’. ಇಲ್ಲಿ ನಾನು ಕುರ್ಚಿ ಎಳೆದುಕೊಂಡು ಕೂತೆ. ‘ದುನಿಯಾ’ 2007ರ ಫೆಬ್ರುವರಿಯದು. ಕ್ಯಾಲೆಂಡರ್ ನಂಬಿದವರ ಪಟ್ಟಿಗಳಲ್ಲಿ ಇವೆರಡು ಎದುರುಬದುರಾಗಲು ಸಾಧ್ಯವೇ ಇಲ್ಲ. ನಿಜದಲ್ಲಿ ಅವು ಹೆಚ್ಚುಕಡಿಮೆ ಒಟ್ಟಿಗೆ ನಮ್ಮ ಕಿವಿಗೆ ಬಿದ್ದವು. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಮನೋಮೂರ್ತಿಯವರ ನುಣುಪು ಒಂದು ಕಡೆ, ವಿ. ಮನೋಹರ್ ಅವರ ಮಣ್ಣಿನ ಒರಟು ಇನ್ನೊಂದು ಕಡೆ. ಆ ಎರಡೇ ತಿಂಗಳಲ್ಲಿ ಕನ್ನಡ ಚಿತ್ರಗೀತೆ ಎರಡು ದಾರಿ ಹಿಡಿಯಿತು ಎಂದು ನನ್ನ ಅಂದಾಜು. ಅದು ಕಾಣುವುದು ಈ ಡೈರಿಯಲ್ಲಿ ಮಾತ್ರ. ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಯವರೆಗೆ ಏನು ಕೇಳಿದೆವು ಎಂಬುದೇ ಅವರಿಗೆ ವರ್ಷ. ಡಿಸೆಂಬರಿನ ಆಲ್ಬಮ್ಮಿಗೂ ಬಲಿಯಲು ಸುಮಾರು ಮೂರು ತಿಂಗಳು ಸಿಕ್ಕಿದ ಮೇಲೆ ತೀರ್ಪು.

ಹಾಗೆಂದು ಈ ಪಟ್ಟಿಯನ್ನು ಕಣ್ಣಿಗೊತ್ತಿಕೊಳ್ಳಬೇಕಿಲ್ಲ. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಜನ ತೂಕಡಿಸುತ್ತಾರೆಂದು ಅಬ್ಬರದ ಆಲ್ಬಂಗಳಿಗೆಲ್ಲ ಅನ್ಯಾಯವಾಗಿದೆ. ಗುರುಕಿರಣ್ ಅವರ ‘ಎ’ ಮೊದಲ ಐದರಲ್ಲೂ ಇಲ್ಲ. ಹಂಸಲೇಖ ಎಂದರೆ ಕಂಡಕ್ಟರ ಪೆನ್ನು ತಾನಾಗಿಯೇ ಅರ್ಧ ಅಂಕ ಹೆಚ್ಚು ಹಾಕುತ್ತದೆ. ‘ನಾಗಮಂಡಲ’, ‘ಅಮೃತವರ್ಷಿಣಿ’ ಎರಡೂ ಅವರ ಬಸ್ಸಿಗೆ ಒಂದೇ ಸಂವತ್ಸರದಲ್ಲಿ ಬಂದವು. ದೇವಾ ಸಂಗೀತದ ‘ಅಮೃತವರ್ಷಿಣಿ’ ಮೊದಲು, ಸಿ. ಅಶ್ವತ್ಥ್ ಅವರ ‘ನಾಗಮಂಡಲ’ ನಾಲ್ಕನೆಯದು. ಇದನ್ನು ನಾನು ಕ್ಷಮಿಸಲಾರೆ. ಕೇಳಿದರೆ, “ಅಶ್ವತ್ಥ್ ಹಾಡಿದ್ರೆ ಬಸ್ಸಲ್ಲಿ ಕೂತು ಕೇಳೋದಲ್ಲ, ಬಸ್ಸು ನಿಲ್ಸಿ ಕೇಳ್ಬೇಕು. ಟೈಮಿಂಗ್ಸ್ ತಪ್ತದೆ” ಎಂಬ ಉತ್ತರ. ಅಷ್ಟು ಒಳ್ಳೆಯ ಮೆಚ್ಚುಗೆ ಹೇಳಿ ಅಷ್ಟು ಕಡಿಮೆ ಅಂಕ ಕೊಟ್ಟವರನ್ನು ನಾನು ಕಂಡಿಲ್ಲ. ಭಾವಗೀತೆಗಳಿಗೂ ಪಟ್ಟಿಯಲ್ಲಿ ಜಾಗವಿದೆ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ ಬಂದಾಗಲೇ ತಾನು ಬಸ್ಸಿಗೆ ಸೇರಿದ್ದರೆ ಆ ವರ್ಷ ಒಂದೇ ಸಾಲು ಬರೆದು ಡೈರಿ ಮುಚ್ಚುತ್ತಿದ್ದೆ ಎನ್ನುತ್ತಾರೆ.

ಈಚಿನ ಡೈರಿಗಳು ತೆಳ್ಳಗಾಗಿವೆ. ಹಾಡುಗಳು ಈಗ ಒಂದೊಂದಾಗಿ, ಲಿರಿಕಲ್ ವಿಡಿಯೊಗಳಾಗಿ, ತಿಂಗಳುಗಟ್ಟಲೆ ಅಂತರದಲ್ಲಿ ಬಿಡುಗಡೆಯಾಗುತ್ತವೆ. ಆಲ್ಬಂ ಪೂರ್ತಿಯಾಗುವ ಹೊತ್ತಿಗೆ ಮೊದಲ ಹಾಡು ಹಳತಾಗಿರುತ್ತದೆ. ಆದರೂ ಅವರು ಎಲ್ಲ ಹಾಡು ಬರುವವರೆಗೆ ಕಾದು, ಮೊಮ್ಮಗಳ ಫೋನಿನಲ್ಲಿ ಒಂದೇ ಕೂತಲ್ಲಿ ಕೇಳಿ, ಆಮೇಲೆ ಪೆನ್ನು ತೆಗೆಯುತ್ತಾರೆ. ಕೆಲವು ವರ್ಷ ಹತ್ತು ತುಂಬಿಲ್ಲ. ತುಂಬಿಸಬೇಕೆಂಬ ಹಟವೂ ಇಲ್ಲ.

ಪತ್ರಿಕೆಯವರಾದ ನಮಗೆ ಆ ಧೈರ್ಯವಿಲ್ಲ. ಡಿಸೆಂಬರಿನ ಎರಡನೇ ವಾರಕ್ಕೆ ‘ವರ್ಷದ ಹತ್ತು’ ಪುಟ ಕಟ್ಟಲೇಬೇಕು, ಹತ್ತೆಂದರೆ ಹತ್ತೇ ಬೇಕು. ಕೊನೇ ವಾರದಲ್ಲಿ ಬಂದ ಆಲ್ಬಂ ಈ ವರ್ಷಕ್ಕೂ ಸಲ್ಲದೆ ಮುಂದಿನ ವರ್ಷಕ್ಕೂ ಸಲ್ಲದೆ ಹೊರಗೇ ನಿಲ್ಲುತ್ತದೆ. ಈ ಸಲ ಸಂಪಾದಕರು ಒಪ್ಪಿದರೆ ಪುಟವನ್ನು ಯುಗಾದಿ ಸಂಚಿಕೆಗೆ ಮುಂದೂಡಬೇಕೆಂದಿದ್ದೇನೆ. ಓದುಗರೂ ತಮ್ಮ ಪಟ್ಟಿ ಬರೆದು ಕಳಿಸಬಹುದು. ಷರತ್ತು ಒಂದೇ: ಆಲ್ಬಮ್ಮಿನ ಕೊನೇ ಹಾಡಿನ ಬಗ್ಗೆ ಒಂದು ಸಾಲು ಇಲ್ಲದ ಪಟ್ಟಿಯನ್ನು ಪರಿಗಣಿಸುವುದಿಲ್ಲ.