ಕೊಳ್ಳದಿರುವುದು ಮತ್ತು ಹೊರಗಿಡುವುದು: ಬಹಿಷ್ಕಾರದ ಕುರಿತು ಒಂದು ವಿವೇಚನೆ

ಬಹಿಷ್ಕಾರವೆಂಬ ಒಂದೇ ಪದವು ನಮ್ಮ ಭಾಷೆಯಲ್ಲಿ ಎರಡು ಕಾರ್ಯಗಳನ್ನು ಸೂಚಿಸುತ್ತದೆ. ಒಬ್ಬನಿಗೆ ನೀರು ಬೆಂಕಿ ಕೊಡದೆ, ಮದುವೆ ಮಸಣಗಳಿಗೆ ಕರೆಯದೆ, ಅವನನ್ನು ಸಮುದಾಯದಿಂದ ಹೊರಗಿಡುವುದು ಮೊದಲನೆಯದು. ಅನ್ಯಾಯದ ಫಲವಾದ ವಸ್ತುವನ್ನು ಕೊಳ್ಳೆವೆಂದು ನಿಲ್ಲುವುದು ಎರಡನೆಯದು. ಮೊದಲನೆಯದನ್ನು ಬಲವುಳ್ಳವರು ಬಲಹೀನನ ಮೇಲೆ ಪ್ರಯೋಗಿಸುತ್ತಾರೆ. ಎರಡನೆಯದು ಬಹುಮಟ್ಟಿಗೆ ಬಲಹೀನರ ಕೈಯಲ್ಲಿ ಉಳಿದಿರುವ ಸಾಧನ. ಮೊದಲನೆಯದಕ್ಕೆ ಗುರಿಯಾದವರೇ ಎರಡನೆಯದನ್ನು ಕೈಗೆತ್ತಿಕೊಂಡರೆ ಕ್ರೈಸ್ತ ಸಭೆಯು ಅದನ್ನು ಹೇಗೆ ಅರ್ಥಮಾಡಿಕೊಳ್ಳಬೇಕೆಂಬುದೇ ಈ ಲೇಖನದ ಪ್ರಶ್ನೆ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಸೇವೆಮಾಡುವ ಸಭಾಪಾಲಕರಿಗೆ ಎರಡನೆಯ ಅರ್ಥವು ಹೊಸದಲ್ಲ. ಕರನಿರಾಕರಣೆಯ ದಿನಗಳಲ್ಲಿ ಸಿದ್ದಾಪುರ ಸೀಮೆಯ ರೈತರು ಭೂಕಂದಾಯ ಕೊಡಲೊಪ್ಪದಿದ್ದಾಗ ಸರ್ಕಾರವು ಅವರ ಜಮೀನುಗಳನ್ನು ಜಪ್ತಿಮಾಡಿ ಹರಾಜಿಗಿಟ್ಟಿತು. ಆ ಭೂಮಿಯನ್ನು ಕೊಂಡವರ ಮನೆಬಾಗಿಲಿನಲ್ಲಿ 1932ರಲ್ಲಿ ಸ್ತ್ರೀಯರು ಉಪವಾಸ ಕುಳಿತರು; ಮಾವಿನಗುಂಡಿಯ ಹೆಸರು ಇಂದಿಗೂ ಆ ಸತ್ಯಾಗ್ರಹದೊಡನೆ ಸೇರಿಕೊಂಡಿದೆ. ಹಸಿವನ್ನು ಅವರು ತಮ್ಮ ಮೇಲೆ ತೆಗೆದುಕೊಂಡರು. ನೆರೆಯವನ ನಷ್ಟದಿಂದ ಅಗ್ಗವಾದ ವಸ್ತುವನ್ನು ಕೊಳ್ಳಬಾರದೆಂಬುದೇ ಅವರ ಬೇಡಿಕೆಯ ತಿರುಳಾಗಿತ್ತು.

ಇದೇ ತಿರುಳು ಅಮೆರಿಕದ ಒಂದು ಹೋರಾಟದಲ್ಲಿಯೂ ಕಾಣುತ್ತದೆ. ಕೊಲೊರಾಡೊ ರಾಜ್ಯದ ಗೋಲ್ಡನ್ ಪಟ್ಟಣದಲ್ಲಿ 1873ರಲ್ಲಿ ಆರಂಭವಾದ ಕೂರ್ಸ್ ಎಂಬ ಬಿಯರ್ ಕಂಪನಿಯ ಮೇಲೆ, ಕೆಲಸ ಕೊಡುವುದರಲ್ಲಿ ತಾರತಮ್ಯ ತೋರುತ್ತದೆಂದು ಮೆಕ್ಸಿಕನ್ ಮೂಲದ ಅಮೆರಿಕನ್ನರು 1960ರ ದಶಕದಲ್ಲಿಯೇ ಬಹಿಷ್ಕಾರ ಹೂಡಿದ್ದರು. ಕೆಲಸ ಕೇಳಿ ಬಂದವರನ್ನು ಕಂಪನಿಯು ಸುಳ್ಳುಪತ್ತೆ ಯಂತ್ರದ ಮುಂದೆ ಕೂರಿಸುತ್ತಿತ್ತು. ಆಗ ಲೈಂಗಿಕ ಜೀವನದ ಕುರಿತೂ ಪ್ರಶ್ನಿಸುತ್ತಿತ್ತೆಂದು ಕಾರ್ಮಿಕರು ದೂರಿದರು. ಮನೆತನದ ಜೋಸೆಫ್ ಕೂರ್ಸ್ ಬಲಪಂಥೀಯ ರಾಜಕೀಯದ ಪೋಷಕರಾಗಿದ್ದರು. 1973ರಲ್ಲಿ ಸ್ಥಾಪಿತವಾದ ಹೆರಿಟೇಜ್ ಫೌಂಡೇಶನ್ನಿಗೆ ಅವರು ಆರಂಭದಲ್ಲಿ 2,50,000 ಡಾಲರು ಕೊಟ್ಟರು.

ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಬಿಯರ್ ಸಾಗಿಸುವ ಲಾರಿ ಚಾಲಕರ ಸಂಘದ ನಾಯಕ ಅಲನ್ ಬೇರ್ಡ್ ಈ ಕಂಪನಿಯ ವಿರುದ್ಧ ಜೊತೆಗಾರರನ್ನು ಹುಡುಕುತ್ತಿದ್ದಾಗ ಸಲಿಂಗಾನುರಾಗಿಗಳ ಮುಂದಾಳು ಹಾರ್ವೆ ಮಿಲ್ಕ್ ಅವರನ್ನು ಕಂಡರು. ಮಿಲ್ಕ್ ಒಪ್ಪಿದರು, ಆದರೆ ತಮ್ಮವರಿಗೂ ಚಾಲಕರ ಕೆಲಸ ಸಿಗಬೇಕೆಂದು ಕೇಳಿದರು. ಸಂಘವು ಸಮ್ಮತಿಸಿತು. ಸ್ವತಃ ಲಾರಿ ಚಾಲಕರೂ ಸಲಿಂಗಾನುರಾಗಿಯೂ ಆಗಿದ್ದ ಹೊವಾರ್ಡ್ ವ್ಯಾಲೇಸ್ ಮುಂತಾದವರ ದುಡಿಮೆಯಿಂದ ನಗರದ ಅನೇಕ ಪಾನಗೃಹಗಳು ಕೂರ್ಸ್ ಮಾರಾಟವನ್ನು ನಿಲ್ಲಿಸಿದವು.

ಆ ಕಾಲದಲ್ಲಿ ಲಾರಿ ಚಾಲಕರಿಗೂ ಸಲಿಂಗಾನುರಾಗಿಗಳಿಗೂ ನಡುವೆ ಸ್ನೇಹವೇನೂ ಇರಲಿಲ್ಲ. ಒಬ್ಬರ ಕೂಲಿಯೂ ಮತ್ತೊಬ್ಬರ ಮಾನವೂ ಒಂದೇ ಬಾಗಿಲಿನಲ್ಲಿ ನಿರಾಕರಿಸಲ್ಪಡುತ್ತಿವೆಯೆಂಬ ಅರಿವು ಅವರನ್ನು ಕೂಡಿಸಿತು. 1977ರ ಏಪ್ರಿಲಿನಲ್ಲಿ ಗೋಲ್ಡನ್ ಕಾರ್ಖಾನೆಯ ಕಾರ್ಮಿಕರು ಮುಷ್ಕರ ಹೂಡಿದಾಗ ಕಂಪನಿಯು ಬದಲಿ ಕೆಲಸಗಾರರನ್ನು ತಂದಿತು. 1978ರ ಕೊನೆಗೆ ಅಲ್ಲಿಯ ಸಂಘವು ಮಾನ್ಯತೆಯನ್ನೇ ಕಳೆದುಕೊಂಡಿತು. ಬಹಿಷ್ಕಾರ ಮಾತ್ರ ಮುಂದುವರಿಯಿತು. ಒಳಗಿದ್ದು ದುಡಿಯುವವನು ಸೋತಲ್ಲಿ ಹೊರಗಿನ ಗ್ರಾಹಕನು ಅವನ ಭಾರವನ್ನು ಹೊತ್ತನು. ಕಾರ್ಮಿಕ ಒಕ್ಕೂಟವು 1987ರಲ್ಲಿ ಒಪ್ಪಂದ ಮಾಡಿಕೊಂಡಿತು. ಕಂಪನಿಯು 1995ರಲ್ಲಿ ನೌಕರರ ಸಲಿಂಗ ಸಂಗಾತಿಗಳಿಗೂ ಸೌಲಭ್ಯಗಳನ್ನು ವಿಸ್ತರಿಸಿತು.

ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 10ನೆಯ ಅಧ್ಯಾಯವು ಇಲ್ಲಿ ನಮಗೆ ಬೆಳಕು ಕೊಡುತ್ತದೆ. ಮಾಂಸದ ಅಂಗಡಿಯಲ್ಲಿ ಮಾರುವುದನ್ನು ವಿಚಾರಿಸದೆ ತಿನ್ನಲು ವಿಶ್ವಾಸಿಗೆ ಸ್ವಾತಂತ್ರ್ಯವುಂಟು. ಆದರೆ ಅದು ವಿಗ್ರಹಕ್ಕೆ ಅರ್ಪಿತವಾದದ್ದೆಂದು ಒಬ್ಬನು ತಿಳಿಸಿದರೆ, ತಿಳಿಸಿದವನ ನಿಮಿತ್ತ ಅದನ್ನು ಬಿಡಬೇಕು. ಅಲ್ಲಿ ಅಪೊಸ್ತಲನು ಎಣಿಕೆಗೆ ತರುವುದು ಮತ್ತೊಬ್ಬನ ಮನಸ್ಸಾಕ್ಷಿಯನ್ನು. ಬಹಿಷ್ಕಾರದ ಕರೆಯೂ ಹೀಗೆ ತಿಳಿಸುವ ಒಂದು ಧ್ವನಿಯೇ. ಮದ್ಯವನ್ನು ವರ್ಜಿಸಿದ ನಮಗೆ ಬಿಯರನ್ನು ಬಿಡುವುದು ಸುಲಭ. ಅದರಿಂದ ಯಾರಿಗೂ ಲಾಭವಿಲ್ಲ. ನಮಗೆ ಪ್ರಿಯವಾದದ್ದನ್ನು ನೆರೆಯವನ ನಿಮಿತ್ತ ಬಿಟ್ಟಾಗ ಮಾತ್ರ ಅದು ಪ್ರೀತಿಯ ಕಾರ್ಯವಾಗುತ್ತದೆ.

ಪ್ರಕಟನೆಯ 13ನೆಯ ಅಧ್ಯಾಯವು ಇದರ ಇನ್ನೊಂದು ಮುಖವನ್ನು ತೋರಿಸುತ್ತದೆ. ಮೃಗದ ಗುರುತಿಲ್ಲದವನು ಅಲ್ಲಿ ಕೊಳ್ಳಲಾರನು, ಮಾರಲಾರನು. ಮನುಷ್ಯನ ಅನ್ನವನ್ನೇ ಕಿತ್ತುಕೊಂಡು ಅವನನ್ನು ಬಗ್ಗಿಸುವ ಬಹಿಷ್ಕಾರವನ್ನು ಸತ್ಯವೇದವು ಮೃಗದ ಕೆಲಸವೆಂದು ಕಾಣಿಸುತ್ತದೆ. ಹಾಗಾದರೆ ಯಾವುದೇ ಬಹಿಷ್ಕಾರದ ಕರೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳುವುದು ಯುಕ್ತ: ಇದು ಅಧಿಕಾರದ ವಿರುದ್ಧವೋ, ವ್ಯಕ್ತಿಯ ಅನ್ನದ ವಿರುದ್ಧವೋ? ಇದರ ನಷ್ಟದಲ್ಲಿ ಕರೆಕೊಟ್ಟವರಿಗೂ ಪಾಲುಂಟೋ? ಎದುರಾಳಿಯು ತಿದ್ದಿಕೊಂಡರೆ ಸಮಾಧಾನಕ್ಕೆ ಬಾಗಿಲು ತೆರೆದಿದೆಯೋ? ಒಂದು ಜಾತಿಯ ಅಥವಾ ಮತದ ಅಂಗಡಿಗಳಿಗೆ ಹೋಗಬೇಡಿರೆಂಬ ಕರೆಯು ಮೊದಲನೆಯ ಪ್ರಶ್ನೆಯಲ್ಲಿಯೇ ಬಿದ್ದುಹೋಗುತ್ತದೆ.

ಎಲ್ಲರಿಗೂ ಈ ಸಾಧನವು ಎಟಕುವುದಿಲ್ಲವೆಂಬುದನ್ನೂ ಮರೆಯಬಾರದು. ಯಲ್ಲಾಪುರದ ಸುತ್ತಲಿನ ಅಡಿಕೆ ತೋಟಗಳಲ್ಲಿ ದಿನಗೂಲಿಗೆ ದುಡಿಯುವ ಸಿದ್ದಿ ಕುಟುಂಬವು ಧಣಿಯನ್ನು ಬಹಿಷ್ಕರಿಸಿದರೆ ಸಂಜೆಗೆ ಒಲೆ ಉರಿಯದು. ಅಂಥವರ ಪರವಾಗಿ ಬಿಡಬೇಕಾದವರು, ಬಿಡಲು ಶಕ್ತಿಯುಳ್ಳ ನಾವು. ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಹಿಡಿದಿಟ್ಟ ಕೂಲಿಯೇ ದೇವರಿಗೆ ಕೂಗುತ್ತದೆ.

ಸಲಿಂಗಾನುರಾಗದ ನೈತಿಕತೆಯ ಕುರಿತು ನಮ್ಮ ಸಭೆಗಳು ಒಂದೇ ಮನಸ್ಸುಳ್ಳವುಗಳಲ್ಲ. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧವನ್ನು 377ನೆಯ ಸೆಕ್ಷನ್ನಿನ ಅಪರಾಧದಿಂದ ಬಿಡಿಸಿದ ಮೇಲೆಯೂ ಆ ಚರ್ಚೆ ನಡೆಯುತ್ತಿದೆ. ಆದರೆ ಒಬ್ಬನ ಅಂತರಂಗವನ್ನು ಯಂತ್ರಕ್ಕೆ ಕಟ್ಟಿ ಕೆದಕಿ, ಅದರ ಮೇಲೆ ಅವನ ಅನ್ನವನ್ನು ನಿರ್ಧರಿಸಬಹುದೇ ಎಂಬ ಪ್ರಶ್ನೆಗೆ ಉತ್ತರಿಸಲು ಆ ಚರ್ಚೆ ಮುಗಿಯುವತನಕ ಕಾಯಬೇಕಾಗಿಲ್ಲ.

ಲಾರಿ ಚಾಲಕರ ಸಂಘವು ಜೊತೆಗಾರರನ್ನು ಬಯಸಿದಾಗ ಮೊದಲು ತನ್ನ ಬಾಗಿಲನ್ನು ತೆರೆಯಬೇಕಾಯಿತು. ಕಂಪನಿಗಳ ಅನ್ಯಾಯದ ಕುರಿತು ಪ್ರಸಂಗಿಸುವ ನಮಗೂ ಇದೇ ಷರತ್ತು ಅನ್ವಯಿಸುತ್ತದೆ. ಗಾಯನವೃಂದದಲ್ಲಿ ಹಾಡುತ್ತಿದ್ದ ಯುವಕನೊಬ್ಬನು ಗುಸುಗುಸು ಮಾತು ಕೇಳಿ ಊರು ಬಿಟ್ಟು ಬೆಂಗಳೂರಿಗೆ ಹೊರಟುಹೋದರೆ, ಯಾವ ಠರಾವೂ ಇಲ್ಲದೆ ನಾವು ಅವನನ್ನು ಬಹಿಷ್ಕರಿಸಿದ್ದೇವೆ. ಕ್ರಿಸ್ತನು ಅಂಥವನನ್ನು ಹುಡುಕಿಕೊಂಡು ಹೋದದ್ದನ್ನು ಯೋಹಾನನು 9ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ: ಸಭಾಮಂದಿರದಿಂದ ಹೊರಹಾಕಲ್ಪಟ್ಟ ಹುಟ್ಟುಕುರುಡನನ್ನು ಆತನು ಹೊರಗೇ ಕಂಡನು.